ತಲೆನೋವು ಎಷ್ಟೊತ್ತಿಗೆ ಸುರುವಾತು? – ಮಿರಜಿಗೆ ರೋಗಿ ಕರೆತರುವ ಮನೆಮಂದಿಗೆ ಒಂದು ಬಹಿರಂಗ ಪತ್ರ

ಮಾಧವನಗರ, ಸಾಂಗಲಿ

ಅಥಣಿ, ಕಾಗವಾಡ, ಉಗಾರ, ಕುಡಚಿ, ರಾಯಬಾಗ, ಜತ್ತ ಕಡೆಯಿಂದ ಮಿರಜಿನ ದವಾಖಾನೆಗಳಿಗೆ ರೋಗಿಗಳನ್ನು ಕರೆತರುವ ಅಣ್ಣ-ತಮ್ಮ, ಅಕ್ಕ-ತಂಗಿ, ಕಾಕಾ-ಮಾಮಾ ಎಲ್ಲರಿಗೂ,

ಸೀಟಿ ಸ್ಕ್ಯಾನ್ ಯಂತ್ರದ ಮುಂದೆ ಕೂತೇ ಸರ್ವಿಸ್ ಮುಗಿಸಿದವ ನಾನು. ಡಾಕ್ಟರನಲ್ಲ, ಟೆಕ್ನಿಷಿಯನ್. ರೋಗಿಯನ್ನು ಮೇಜಿನ ಮೇಲೆ ಮಲಗಿಸುವುದು, ಕೈಗೆ ಹಾಕಿದ ಸೂಜಿ ಸರಿಯಾಗಿ ಕೂತಿದೆಯೇ ನೋಡುವುದು, ಗಾಜಿನ ಆಚೆಯಿಂದ ಮೈಕಿನಲ್ಲಿ "ಅಳ್ಳಾಡಬ್ಯಾಡ್ರಿ, ಉಗುಳು ನುಂಗಬ್ಯಾಡ್ರಿ" ಎಂದು ಕೂಗುವುದು ನನ್ನ ಕೆಲಸ. ರೋಗವನ್ನು ಹೆಸರಿಸುವುದು, ಔಷಧ ಬರೆಯುವುದು ಡಾಕ್ಟರರ ಪಾಲಿಗೆ. ಆದರೂ ಸ್ಕ್ಯಾನ್ ರೂಮಿನ ಬಾಗಿಲಲ್ಲಿ ನಿಂತವನಿಗೆ ಒಳಗಿನದು ಎಷ್ಟು ಕಾಣುತ್ತದೋ ಹೊರಗಿನ ಬೆಂಚಿನದೂ ಅಷ್ಟೇ ಕಾಣುತ್ತದೆ. ಮಿದುಳಿನ ರಕ್ತನಾಳ ಒಡೆದು ಬಂದವರ ವಿಷಯದಲ್ಲಿ ಹೊತ್ತು ಹೋಗುವುದು ಯಂತ್ರದೊಳಗೆ ಕಡಿಮೆ, ಆ ಬೆಂಚಿನ ಮೇಲೆ ಜಾಸ್ತಿ. ಅದಕ್ಕೇ ಈ ಪತ್ರ.

"ಮಿರಜಿಗೆ ಒಯ್ರಿ" ಎಂಬ ಮಾತು ನಮ್ಮ ಕಡೆ ಇಂದು ನಿನ್ನೆಯದಲ್ಲ. ಕೆನಡಾದಲ್ಲಿ ಹುಟ್ಟಿದ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದರು. ಅಂದಿನಿಂದ ಕೃಷ್ಣೆಯ ಆಚೀಚಿನ ಹಳ್ಳಿಗಳಿಗೆ ಮಿರಜೇ ದವಾಖಾನೆಯ ಊರು. 1956ರಲ್ಲಿ ನಡುವೆ ರಾಜ್ಯದ ಗಡಿ ಬಂತು, 1962ರಲ್ಲಿ ಇಲ್ಲಿ ಮೆಡಿಕಲ್ ಕಾಲೇಜು ಬಂತು. ಜನ ಮಾತ್ರ ಗಡಿ ನೋಡಿ ದವಾಖಾನೆ ಆರಿಸಲಿಲ್ಲ. ಇವತ್ತಿಗೂ ಇಲ್ಲಿನ ಆಸ್ಪತ್ರೆಗಳ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದವರ ಮಾತು ಕೇಳಿದರೆ ಮಹಾರಾಷ್ಟ್ರದಲ್ಲಿದ್ದೇವೆ ಅನ್ನಿಸುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಮಿದುಳಿನ ಬುಡದಲ್ಲಿ ದೊಡ್ಡ ರಕ್ತನಾಳಗಳು ಒಂದಕ್ಕೊಂದು ಕೂಡಿ ವರ್ತುಲವಾಗಿ ನಿಂತಿವೆ. ಅವು ಕವಲೊಡೆಯುವ ಕಡೆ ರಕ್ತದ ಹೊಡೆತ ಜಾಸ್ತಿ. ಅಲ್ಲಿ ನಾಳದ ಗೋಡೆ ಸವೆದು, ಹಳೆಯ ಸೈಕಲ್ ಟ್ಯೂಬು ತೆಳುವಾದ ಜಾಗದಲ್ಲಿ ಉಬ್ಬುವಂತೆ, ಹೊರಕ್ಕೆ ಉಬ್ಬಿಕೊಳ್ಳುತ್ತದೆ. ಅದಕ್ಕೇ ಅನ್ಯೂರಿಸಂ ಅನ್ನುತ್ತಾರೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರ ತಲೆಯಲ್ಲಿ ಇಂಥದೊಂದು ಇರುತ್ತದೆ, ಬಹಳ ಜನಕ್ಕೆ ಅದು ಇದ್ದದ್ದೇ ಗೊತ್ತಾಗದೆ ಆಯುಷ್ಯ ಕಳೆಯುತ್ತದೆ. ಒಡೆದರೆ ಮಾತ್ರ ಮಿದುಳಿನ ಸುತ್ತಲಿನ ಪೊರೆಯ ಕೆಳಗೆಲ್ಲ ರಕ್ತ ಹರಡುತ್ತದೆ. ರಿಪೋರ್ಟಿನಲ್ಲಿ 'ಎಸ್‌ಎಎಚ್' ಎಂಬ ಮೂರಕ್ಷರ ಬರೆದಿರುತ್ತದಲ್ಲ, ಅದು ಇದೇ. ಪೆಟ್ಟು ಬೀಳದೆ ತಾನಾಗಿಯೇ ಇಂಥ ರಕ್ತಸ್ರಾವವಾದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಕಾರಣ ಅನ್ಯೂರಿಸಂ. ಮೂವರಲ್ಲಿ ಒಬ್ಬರು ಬದುಕುವುದಿಲ್ಲ. ಕೆಲವರಂತೂ ದವಾಖಾನೆಯನ್ನೇ ಮುಟ್ಟುವುದಿಲ್ಲ.

ಈ ನೋವಿಗೆ ಒಂದು ಗುರುತು ಇದೆ. ಒಂದು ನಿಮಿಷದೊಳಗೆ ತುದಿ ಮುಟ್ಟುತ್ತದೆ. ದಿನವಿಡೀ ಏರುತ್ತ ಹೋಗುವ ನೋವು ಬೇರೆ, ಬಿಸಿಲಿಗೆ ಬರುವುದು ಬೇರೆ, ಅರ್ಧ ತಲೆ ಹಿಡಿಯುವ ಮೈಗ್ರೇನ್ ಬೇರೆ. ಇದು ಕಬ್ಬಿನ ಹೊಲದಲ್ಲಿ ಬಗ್ಗಿದವರು ಎದ್ದೇಳುವಷ್ಟರಲ್ಲಿ, ಜಳಕ ಮಾಡುವವರು ತಂಬಿಗೆ ಕೆಳಗಿಡುವಷ್ಟರಲ್ಲಿ ಬಂದೇಬಿಡುತ್ತದೆ. ಬದುಕಿನಲ್ಲೇ ಇಂಥ ನೋವು ಕಂಡಿಲ್ಲ ಎಂದು ರೋಗಿ ಹೇಳುತ್ತಾನೆ. ಜೊತೆಗೆ ವಾಂತಿ, ಕತ್ತು ಸೆಟೆಯುವುದು, ಒಂದೆರಡು ನಿಮಿಷ ಎಚ್ಚರ ತಪ್ಪುವುದು, ಕೆಲವರಿಗೆ ಫಿಟ್ಸ್. ಒಂದು ಕಣ್ಣಿನ ರೆಪ್ಪೆ ಜೋತು ಬಿದ್ದು ಆ ಕಣ್ಣಿನ ಪಾಪೆ ದೊಡ್ಡದಾಗಿದ್ದರೆ ಉಬ್ಬು ಅಲ್ಲಿಯ ನರವನ್ನು ಒತ್ತುತ್ತಿರಬಹುದು. ನೋವು ಅಷ್ಟಿಲ್ಲವೆಂದು ಅದನ್ನೂ ಕಡೆಗಣಿಸುವ ಹಾಗಿಲ್ಲ.

ನಮ್ಮ ಊರುಗಳಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ವಾಂತಿ ಆಯಿತೆಂದರೆ "ಪಿತ್ತ ಆಗೇದ" ಅನ್ನುತ್ತೇವೆ. ನಿಂಬೆ ಶರಬತ್ತು ಕೊಡುತ್ತೇವೆ. ಅದಕ್ಕೂ ಇಳಿಯದಿದ್ದರೆ ಊರ ಡಾಕ್ಟರು ಸೊಂಟಕ್ಕೊಂದು ಇಂಜೆಕ್ಷನ್ ಹಾಕುತ್ತಾರೆ, ರೋಗಿ ಎರಡು ತಾಸು ಮಲಗುತ್ತಾನೆ, ಮನೆಯವರು ಆರಾಮಾಯಿತು ಅಂದುಕೊಳ್ಳುತ್ತಾರೆ. ಎಚ್ಚರ ತಪ್ಪಿದರೆ ಲಕ್ವಾದ ಔಷಧಕ್ಕೆ ಇನ್ನೊಂದು ಊರಿಗೆ ಗಾಡಿ ಹೊರಡುತ್ತದೆ. ಊರ ಡಾಕ್ಟರರನ್ನು ಬೈಯಲು ನಾನು ಹೊರಟಿಲ್ಲ, ಅವರ ಕೈಯಲ್ಲಿ ಸ್ಕ್ಯಾನ್ ಯಂತ್ರ ಇಲ್ಲ. ಆದರೆ ಒಮ್ಮಿಂದೊಮ್ಮೆ ಬಂದ ನೋವಿಗೆ ಇಂಜೆಕ್ಷನ್ ಹಾಕಿಸಿ ಮನೆಯಲ್ಲಿ ಮಲಗಿಸುವುದು ಸರಿಯಲ್ಲ. ಆಸ್ಪಿರಿನ್ ಗುಳಿಗೆಯನ್ನಂತೂ ನುಂಗಿಸಲೇಬೇಡಿ, ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ.

ಇನ್ನು ಹೊತ್ತಿನ ಮಾತು. ನಾನು ನಿಮ್ಮಲ್ಲಿ ಮುಖ್ಯವಾಗಿ ಬೇಡಿಕೊಳ್ಳುವುದು ಇದನ್ನೇ. ಸ್ಕ್ಯಾನ್ ಬಾಗಿಲಲ್ಲಿ ನಡೆಯುವ ಮಾತುಕತೆ ಬಹುಪಾಲು ಹೀಗಿರುತ್ತದೆ:

"ತಲಿನೋವು ಯಾವಾಗಿಂದ ಅದರೀ?"

"ನಾಕ ದಿನಾ ಆತ್ರಿ."

"ನಾಕ ದಿನಾನೂ ಹಿಂಗ ವಾಂತಿ ಮಾಡ್ಕೋತ, ಕುತಗಿ ಸೆಟಿಸ್ಕೊಂಡು ಮಲಗಿದ್ರೇನು?"

"ಇಲ್ರೀ ಸರ, ಇದು ಇವತ್ತ ನಸುಕಿನ್ಯಾಗ, ಎಮ್ಮಿ ಹಿಂಡಾಕ ಕುಂತಾಗ ಒಮ್ಮಿಗಿಲೆ ಬಂತ್ರಿ. ನಾಕ ದಿನದ್ದು ಸಣ್ಣದ್ರಿ, ಅದು ಹೋಗಿತ್ತು."

ನೋಡಿ, ಆ ಒಂದು ಮಾತಿನಲ್ಲಿ ಎರಡು ಸುದ್ದಿ ಇವೆ. ದೊಡ್ಡ ನೋವು ಬಂದದ್ದು ನಸುಕಿನಲ್ಲಿ. ನಾಲ್ಕು ದಿನದ ಹಿಂದೆ ಬಂದು ಹೋದದ್ದು ಉಬ್ಬು ಸ್ವಲ್ಪ ಸೋರಿದ್ದರ ಮುನ್ಸೂಚನೆ ಇರಬಹುದು. ಎರಡೂ ಡಾಕ್ಟರರಿಗೆ ಬೇಕು. ಆದರೆ ನೀವು ಕೇಸ್ ಪೇಪರಿನ ಕೌಂಟರಿನಲ್ಲಿ ಬಾರದ ಮರಾಠಿಯಲ್ಲಿ ನಾಲ್ಕು ದಿನದಿಂದ ತಲೆನೋವು ಎಂದಷ್ಟೇ ಹೇಳಿ ಸುಮ್ಮನಾಗುತ್ತೀರಿ, ಅವರು ಅಷ್ಟನ್ನೇ ಬರೆದುಕೊಳ್ಳುತ್ತಾರೆ, ರೋಗಿ ಸಾದಾ ಸಾಲಿನಲ್ಲಿ ಕೂರುತ್ತಾನೆ. ಕನ್ನಡದಲ್ಲೇ ಹೇಳಿ. ಮಿರಜಿನ ದವಾಖಾನೆಗಳಲ್ಲಿ ಕನ್ನಡ ತಿಳಿಯುವ ಒಬ್ಬ ನರ್ಸಮ್ಮನೋ ವಾರ್ಡ್‌ಬಾಯನೋ ಸಿಕ್ಕೇ ಸಿಗುತ್ತಾರೆ. ಕರೆಸಿರಿ ಎಂದು ಕೇಳಲು ಸಂಕೋಚ ಬೇಡ.

ಹೊತ್ತು ಯಾಕೆ ಅಷ್ಟು ಮುಖ್ಯ? ಕೆನಡಾದ ವೈದ್ಯರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಹಠಾತ್ತನೆ ತಲೆನೋವು ಬಂದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಅವರು ನೋಡಿದರು. ನೋವು ಶುರುವಾಗಿ ಆರು ತಾಸಿನೊಳಗೆ ಸಾದಾ ಸೀಟಿ ಆದವರಲ್ಲಿ ಒಂದೇ ಒಂದು ರಕ್ತಸ್ರಾವವೂ ತಪ್ಪಿಹೋಗಿರಲಿಲ್ಲ. ಆರು ತಾಸು ದಾಟಿದವರಲ್ಲಿ ಏಳಕ್ಕೆ ಒಂದು ತಪ್ಪಿತ್ತು. ಹೊಸ ರಕ್ತ ಸೀಟಿಯಲ್ಲಿ ಬೆಳ್ಳಗೆ ಕಾಣುತ್ತದೆ. ತಾಸು, ದಿನ ಉರುಳಿದಂತೆ ಅದು ಮಿದುಳಿನ ನೀರಿನಲ್ಲಿ ಕಲೆತು ಮಾಸುತ್ತದೆ. ಆಗ ಬೆನ್ನಿನ ನೀರು ತೆಗೆದು ನೋಡಬೇಕಾಗುತ್ತದೆ. "ಬೆನ್ನಿನ ನೀರು ತಗದ್ರ ಸೊಂಟ ಹೋಗ್ತದ" ಎಂದು ನೀವು ಬೇಡ ಅನ್ನುತ್ತೀರಿ. ಸೊಂಟ ಹೋಗುವುದಿಲ್ಲ, ಮಿದುಳುಬಳ್ಳಿ ಮುಗಿದ ಕೆಳಗಿನ ಜಾಗದಲ್ಲೇ ಆ ಸೂಜಿ ಹಾಕುವುದು. ಆದರೆ ಬೇಗ ಬಂದವರಲ್ಲಿ ಬಹಳಷ್ಟು ಮಂದಿಗೆ ಅದರ ಗೋಜೇ ಬೀಳುವುದಿಲ್ಲ. ಕಾಗವಾಡದಿಂದ ಮಿರಜಿಗೆ ಗಾಡಿಯಲ್ಲಿ ಅರ್ಧ ತಾಸಿನ ದಾರಿ. ಅಥಣಿಯಿಂದ ಹೊರಟರೂ ಆರು ತಾಸು ಬೇಕಾದಷ್ಟಾಯಿತು, ಮನೆಯಲ್ಲಿ ಕಳೆಯದಿದ್ದರೆ.

ಸಾದಾ ಸೀಟಿಯಲ್ಲಿ ರಕ್ತ ಕಂಡಿತು ಅಂದುಕೊಳ್ಳಿ. ಡಾಕ್ಟರು ಸೀಟಿ ಆಂಜಿಯೋ ಆಗಬೇಕು ಅನ್ನುತ್ತಾರೆ. ಬೆಂಚಿನ ಮೇಲೆ ಗದ್ದಲ ಶುರುವಾಗುವುದು ಇಲ್ಲಿಯೇ. "ಆಂಜಿಯೋ ಅಂದ್ರ ಹಾರ್ಟಿಂದಲ್ಲೇನ್ರೀ? ನಮ್ಮವ್ವಗ ಹಾರ್ಟ್ ಛಲೋ ಅದ." "ಈಗ ಒಂದ್ಸಲ ಸ್ಕ್ಯಾನ್ ಆತಲ್ಲ, ಮತ್ತ್ಯಾಕ ಮಾಡ್ತೀರಿ? ಬಿಲ್ ಹೆಚ್ಚಸಾಕ?" ಕೇಳಿ. ಮೊದಲ ಸ್ಕ್ಯಾನ್ ಹೇಳುವುದು ರಕ್ತ ಸೋರಿದೆ ಎಂದು. ಎಲ್ಲಿಂದ ಸೋರಿತು, ಉಬ್ಬು ಎಷ್ಟು ದೊಡ್ಡದು, ಅದರ ಬಾಯಿ ಅಗಲವೋ ಕಿರಿದೋ, ಒಂದೇ ಇದೆಯೋ ಇನ್ನೊಂದು ಬದಿಗೂ ಇದೆಯೋ ಎಂಬುದನ್ನು ಎರಡನೆಯದು ಹೇಳುತ್ತದೆ. ಒಡೆದ ಉಬ್ಬು ಮತ್ತೆ ಒಡೆಯುವ ಅಪಾಯ ಮೊದಲ ದಿನವೇ ಎಲ್ಲಕ್ಕಿಂತ ಹೆಚ್ಚು, ಎರಡನೆಯ ಸಲ ಒಡೆದರೆ ಉಳಿಯುವುದು ಕಷ್ಟ. ಜಾಗ ಗೊತ್ತಿಲ್ಲದೆ ಯಾವ ಸರ್ಜನ್ನೂ ಅದನ್ನು ಮುಚ್ಚಲಾರ.

ಒಳಗೆ ಏನು ಮಾಡುತ್ತೇವೆ ಎಂದು ನಿಮಗೆ ಯಾರೂ ಹೇಳುವುದಿಲ್ಲ, ಹೆದರಿಕೆ ಹುಟ್ಟುವುದು ಅದರಿಂದಲೇ. ನಾನು ಹೇಳುತ್ತೇನೆ. ಮೊಣಕೈಯ ಒಳಬದಿಯ ದಪ್ಪ ನರಕ್ಕೆ ಹಸಿರು ಬಣ್ಣದ 18 ನಂಬರಿನ ಕ್ಯಾನುಲಾ ಹಾಕುತ್ತಾರೆ, ನರ ಸಣ್ಣದಿದ್ದರೆ ಗುಲಾಬಿ ಬಣ್ಣದ 20 ನಂಬರಿನದು. ಊರಿನ ದವಾಖಾನೆಯಲ್ಲಿ ಮುಂಗೈಗೆ ಹಾಕಿಸಿಕೊಂಡು ಬಂದ ಸಣ್ಣ ಸೂಜಿ ಇಲ್ಲಿ ನಡೆಯುವುದಿಲ್ಲ, ಮತ್ತೆ ಚುಚ್ಚಿದರು ಎಂದು ಸಿಟ್ಟಾಗಬೇಡಿ. ಔಷಧ ಹೋಗುವ ವೇಗ ಅಂಥದು: ಸೆಕೆಂಡಿಗೆ ನಾಲ್ಕೈದು ಮಿಲಿ ಲೀಟರ್. ಅದನ್ನು ಒತ್ತಲು ಪಂಪ್ ಇದೆ. ಮೊದಲು ಸಲೈನ್ ಬಿಟ್ಟು ನರ ತಾಳುತ್ತದೆಯೇ ನೋಡುತ್ತೇವೆ, ಸೋರಿದರೆ ಕೈ ಊದುತ್ತದೆ. ಆಮೇಲೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧ. ಅದು ಹೋಗುವಾಗ ಮೈ ತುಂಬ ಬಿಸಿ ಹರಿಯುತ್ತದೆ, ಬಾಯಿಗೆ ತಾಮ್ರದ ರುಚಿ ಬರುತ್ತದೆ, ಬಟ್ಟೆಯಲ್ಲೇ ಮೂತ್ರ ಆಯಿತೇನೋ ಅನ್ನಿಸುತ್ತದೆ. ಆಗಿರುವುದಿಲ್ಲ. ಇದನ್ನು ಮುಂಚೆ ಹೇಳದಿದ್ದರೆ ಹೆಣ್ಣುಮಕ್ಕಳು ನಾಚಿಕೆಯಿಂದ ಕಾಲು ಮಡಚುತ್ತಾರೆ, ಚಿತ್ರ ಕೆಡುತ್ತದೆ. ಎಷ್ಟೋ ಮಂದಿಗೆ ನಾನು ಕಿವಿಯ ಹತ್ತಿರ ಬಗ್ಗಿ ಹೇಳಿದ್ದೇನೆ: "ಅವ್ವಾ, ಬಿಸಿ ಆಗ್ತದ, ಒಂದಕ್ಕ ಬಂದಂಗ ಆಗ್ತದ, ಏನೂ ಆಗಿರೂದಿಲ್ಲ, ಸುಮ್ನ ಮಲಗ್ರಿ."

ಅಲ್ಲಿಂದ ಮುಂದೆ ಎಲ್ಲ ಸೆಕೆಂಡುಗಳ ಲೆಕ್ಕ. ಪರದೆಯ ಮೇಲೆ ಕತ್ತಿನ ದೊಡ್ಡ ರಕ್ತನಾಳದ ಮೇಲೆ ಒಂದು ಪುಟ್ಟ ವೃತ್ತ ಎಳೆದಿರುತ್ತೇವೆ. ಔಷಧ ಅಲ್ಲಿಗೆ ಮುಟ್ಟಿ ನಾಳ ಬೆಳಗುತ್ತಿದ್ದ ಹಾಗೆ ಯಂತ್ರ ಓಡಬೇಕು. ಮುಂಚೆ ಓಡಿದರೆ ಮಿದುಳಿನ ನಾಳಗಳು ಖಾಲಿ ಕಾಣುತ್ತವೆ. ತಡವಾದರೆ ಮರಳಿ ಬರುವ ರಕ್ತದ ನಾಳಗಳೂ ತುಂಬಿಕೊಂಡು ಯಾವುದು ಯಾವುದೆಂದು ತಿಳಿಯದಂತಾಗುತ್ತದೆ. ಸ್ಕ್ಯಾನ್ ಓಡುವುದು ಕೆಲವೇ ಸೆಕೆಂಡು. ಆಮೇಲೆ ಕಂಪ್ಯೂಟರಿನಲ್ಲಿ ತಲೆಬುರುಡೆಯನ್ನು ಅಳಿಸಿ ನಾಳಗಳನ್ನಷ್ಟೇ ಉಳಿಸಿ ಎಲ್ಲ ದಿಕ್ಕಿನಿಂದ ತಿರುಗಿಸಿ ನೋಡುತ್ತಾರೆ. ಕವಲಿನಲ್ಲಿ ಉಬ್ಬು ಕಂಡಾಗ, ಅದರ ಅಗಲ ಐದಾರು ಮಿಲಿಮೀಟರ್ ಇದ್ದೀತು. ಇಷ್ಟು ಸಣ್ಣದೇ ಇಷ್ಟೆಲ್ಲ ಮಾಡಿದ್ದು ಎಂದು ನನಗೆ ಕೊನೆಯವರೆಗೂ ಸೋಜಿಗ ಹೋಗಲಿಲ್ಲ.

ಹಿಂದಿನ ಕಾಲದಲ್ಲಿ ಇಷ್ಟು ಸಲೀಸು ಇರಲಿಲ್ಲ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಸ್ ಮೊದಲ ಬಾರಿಗೆ ಮಿದುಳಿನ ರಕ್ತನಾಳಗಳ ಎಕ್ಸ್‌ರೇ ತೆಗೆದಾಗ ಕತ್ತಿನ ರಕ್ತನಾಳದೊಳಕ್ಕೇ ಔಷಧ ಬಿಡಬೇಕಿತ್ತು. ಬಹಳ ವರ್ಷ ಅದೇ ದಾರಿ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ, ಸೀಟಿ ಯಂತ್ರ ರೂಪಿಸಿದ ಹೌನ್ಸ್‌ಫೀಲ್ಡರ ಯಂತ್ರ ಮೊದಲ ರೋಗಿಯ ತಲೆಯ ಸೀಟಿ ತೆಗೆದಾಗಲೂ ಒಂದೊಂದು ಚಿತ್ರಕ್ಕೆ ನಿಮಿಷಗಟ್ಟಲೆ ಹಿಡಿಯುತ್ತಿತ್ತು. ರಕ್ತನಾಳದಲ್ಲಿ ಔಷಧ ಓಡುವ ವೇಗಕ್ಕೆ ಯಂತ್ರವೂ ಓಡತೊಡಗಿದ್ದು ಸ್ಪೈರಲ್ ಸೀಟಿ ಬಂದ ಮೇಲೆ.

ಆದರೂ ಇದು ದೇವರ ಕಣ್ಣೇನಲ್ಲ. ಮೂರು ಮಿಲಿಮೀಟರಿಗಿಂತ ದೊಡ್ಡ ಉಬ್ಬು ಸಾಮಾನ್ಯವಾಗಿ ತಪ್ಪುವುದಿಲ್ಲ. ಅದಕ್ಕಿಂತ ಚಿಕ್ಕದು, ಬುರುಡೆಯ ಬುಡದ ಎಲುಬಿಗೆ ಅಂಟಿಕೊಂಡದ್ದು ತಪ್ಪಬಹುದು. ರಕ್ತ ಇದ್ದೂ ಉಬ್ಬು ಕಾಣದಿದ್ದರೆ ತೊಡೆಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ನಳಿಕೆ ತೂರಿಸಿ ಡಿಎಸ್‌ಎ ಮಾಡುತ್ತಾರೆ, ಒಮ್ಮೊಮ್ಮೆ ಕೆಲವು ದಿನ ಬಿಟ್ಟು ಅದನ್ನೇ ಮತ್ತೆ ಮಾಡುತ್ತಾರೆ. ಅದಕ್ಕೂ "ಸಿಗಲಿಲ್ಲಂದ್ರ ಬಿಡ್ರಿ" ಅನ್ನಬೇಡಿ. ಇನ್ನು ಕೆಲವರು "ಎಂಆರ್‌ಐನೇ ಮಾಡ್ರಿ, ರೊಕ್ಕ ಎಷ್ಟಾದ್ರೂ ಆಗ್ಲಿ" ಎಂದು ಹಟ ಹಿಡಿಯುತ್ತಾರೆ. ರೊಕ್ಕ ಹೆಚ್ಚಾದ ಮಾತ್ರಕ್ಕೆ ತಪಾಸಣೆ ದೊಡ್ಡದಾಗುವುದಿಲ್ಲ. ಒದ್ದಾಡುತ್ತಿರುವ ರೋಗಿಯನ್ನು ಆ ಸುರಂಗದಲ್ಲಿ ಇಪ್ಪತ್ತು ನಿಮಿಷ ಅಲುಗದೆ ಮಲಗಿಸುವುದು ಹೇಗೆ? ಮೊದಲ ತಾಸುಗಳಲ್ಲಿ ಸೀಟಿಯೇ ಸರಿ.

ಕಿಡ್ನಿಯ ಭಯ ಎಲ್ಲರಿಗೂ ಇದೆ, ಸುಳ್ಳೂ ಅಲ್ಲ. ಕಿಡ್ನಿ ಮೊದಲೇ ದುರ್ಬಲವಾಗಿದ್ದರೆ ಕಾಂಟ್ರಾಸ್ಟ್ ಕೊಡುವಾಗ ಎಚ್ಚರಿಕೆ ಬೇಕು, ಅದಕ್ಕೇ ಕ್ರಿಯೇಟಿನೀನ್ ಕೇಳುವುದು. ಹಳೆಯ ರಕ್ತ ತಪಾಸಣೆಯ ಕಾಗದ ಮನೆಯಲ್ಲಿದ್ದರೆ ಹೊರಡುವಾಗ ಚೀಲಕ್ಕೆ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ, ದಮ್ಮು ಇದ್ದರೆ, ಹಿಂದೆ ಇಂಥ ಔಷಧಕ್ಕೆ ಮೈ ಮೇಲೆ ಗಂಧೆ ಎದ್ದಿದ್ದರೆ, ಹೊಟ್ಟೆಯಲ್ಲಿ ಕೂಸಿದ್ದರೆ ಬಾಗಿಲಲ್ಲೇ ಹೇಳಿ. ಮೀನು ತಿಂದರೆ ಆಗಿಬರುವುದಿಲ್ಲ ಎಂಬುದಕ್ಕೂ ಈ ಔಷಧಕ್ಕೂ ಸಂಬಂಧವಿಲ್ಲ. ಆದರೆ ತಲೆಯಲ್ಲಿ ರಕ್ತ ಕಂಡಾಗ ಡಾಕ್ಟರು ಕಿಡ್ನಿಯ ಅಪಾಯವನ್ನೂ ಜೀವದ ಅಪಾಯವನ್ನೂ ತೂಗಿಯೇ ಆಂಜಿಯೋ ಬರೆದಿರುತ್ತಾರೆ. ಆಗ "ಊರಿಂದ ಕಾಕಾ ಬರ್ಲಿ, ಅವರು ಬಂದ ಮ್ಯಾಲೆ ಸಹಿ ಮಾಡ್ತೀವಿ" ಎಂದು ಕೂರುವುದಿದೆಯಲ್ಲ, ಅದು ನನಗೆ ಎಂದೂ ಸಹಿಸಲಾಗಲಿಲ್ಲ. ಕಾಕಾ ಹಿರಿಯರು, ಸರಿ. ಫೋನ್ ಹಚ್ಚಿ ಅವರ ಒಪ್ಪಿಗೆ ಪಡೆಯಿರಿ. ಪಕ್ಕದಲ್ಲಿ ನಿಂತ ಹೆಂಡತಿಯೋ ಮಗಳೋ ಹಾಕಿದ ಸಹಿಯೂ ಸಹಿಯೇ.

ಸ್ಕ್ಯಾನ್ ಆದ ಮೇಲೆ ಫಿಲ್ಮಿನ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಬೆಳಗಾವಿಯ ಡಾಕ್ಟರಿಗೋ ಪುಣೆಯ ಡಾಕ್ಟರಿಗೋ ವಾಟ್ಸಾಪ್ ಮಾಡುತ್ತೀರಿ. ಅದರಲ್ಲಿ ಐದು ಮಿಲಿಮೀಟರಿನ ಉಬ್ಬು ಯಾರಿಗೆ ಕಂಡೀತು? ಸಿಡಿಯಲ್ಲಿ ನೂರಾರು ಚಿತ್ರಗಳಿರುತ್ತವೆ, ಮುಂದಿನ ಡಾಕ್ಟರು ಅದನ್ನು ತಿರುಗಿಸಿ ನೋಡಬಹುದು. ಇಲ್ಲದಿದ್ದರೆ ಅಲ್ಲಿ ಮತ್ತೊಮ್ಮೆ ಸ್ಕ್ಯಾನ್, ಮತ್ತೊಮ್ಮೆ ಔಷಧ, ಮತ್ತೊಮ್ಮೆ ಬಿಲ್.

ಮುಂದಿನ ಚಿಕಿತ್ಸೆ ನನ್ನ ಕ್ಷೇತ್ರವಲ್ಲ, ಚುಟುಕಾಗಿ ಹೇಳುತ್ತೇನೆ. ಬುರುಡೆ ತೆರೆದು ಉಬ್ಬಿನ ಕತ್ತಿಗೆ ಕ್ಲಿಪ್ ಹಾಕುವುದು 1937ರಿಂದ ನಡೆದು ಬಂದಿದೆ. ತೊಡೆಯ ನಾಳದಿಂದ ಹೋಗಿ ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವುದು 1990ರ ದಶಕದಿಂದೀಚೆಗೆ. ಯಾರಿಗೆ ಯಾವುದು ಎಂಬುದನ್ನು ಉಬ್ಬಿನ ಜಾಗ, ಆಕಾರ ನೋಡಿ ತೀರ್ಮಾನಿಸುತ್ತಾರೆ. ಎರಡರಲ್ಲಿ ಯಾವುದೇ ಆಗಲಿ, ನಾಲ್ಕನೆಯ ದಿನದಿಂದ ಎರಡು ವಾರದವರೆಗೆ ಮಿದುಳಿನ ನಾಳಗಳು ಬಿಗಿದುಕೊಳ್ಳುವ ಅಪಾಯ ಇರುತ್ತದೆ. ನಿಮೋಡಿಪಿನ್ ಗುಳಿಗೆಯನ್ನು 21 ದಿನ ಕೊಡುವುದು ಅದಕ್ಕೇ. "ಮಾತಾಡಾಕತ್ತಾರ, ಚಾ ಕುಡದ್ರು, ಊರಿಗೆ ಒಯ್ತೀವಿ" ಎಂದು ಐದನೆಯ ದಿನ ಹಟ ಮಾಡಿ ಡಿಸ್ಚಾರ್ಜ್ ಮಾಡಿಸಿಕೊಳ್ಳಬೇಡಿ.

ರೊಕ್ಕದ ಮಾತು ಬಿಟ್ಟರೆ ಈ ಪತ್ರ ಅರ್ಧವೇ. ಜತ್ತದವರಿಗೆ, ಅಂದರೆ ಮಹಾರಾಷ್ಟ್ರದ ರೇಶನ್ ಕಾರ್ಡ್ ಇರುವ ಕನ್ನಡದವರಿಗೆ, ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. ಗಡಿ ಆಚೆಯವರು ಆಯುಷ್ಮಾನ್ ಕಾರ್ಡ್ ತನ್ನಿರಿ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಗಡಿ ಆಚೆಯ 865 ಹಳ್ಳಿಗಳಿಗೆ ಫುಲೆ ಯೋಜನೆ ವಿಸ್ತರಿಸುತ್ತೇವೆ ಎಂದಾಗ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬೊಮ್ಮಾಯಿಯವರು ವಿರೋಧಿಸಿದ್ದು, ಎರಡೂ ಕಡೆ ಭಾಷಣಗಳಾದದ್ದು ನಿಮಗೆ ನೆನಪಿರಬಹುದು. ಎರಡು ರಾಜ್ಯದವರು ಗಡಿಯ ರೋಗಿಗಾಗಿ ಹೀಗೇ ಇನ್ನಷ್ಟು ಜಗಳಾಡಲಿ, ಆದರೆ ಆಸ್ಪತ್ರೆ ಕಟ್ಟಿ ಜಗಳಾಡಲಿ ಎಂದು ನನ್ನ ಆಸೆ. ಸದ್ಯಕ್ಕೆ ನೀವು ಮಾಡಬೇಕಾದದ್ದು ಒಂದು: ಆಸ್ಪತ್ರೆಯ ಬಾಗಿಲಲ್ಲಿ, ಈ ಯೋಜನೆಗಳ ಕೆಲಸ ನೋಡುವ ಆರೋಗ್ಯಮಿತ್ರರ ಟೇಬಲ್ ಎಲ್ಲಿದೆ ಎಂದು ಕೇಳಿ, ಯಾವ ಕಾರ್ಡ್ ಅಲ್ಲಿ ನಡೆಯುತ್ತದೆ ಎಂದು ಒಬ್ಬರು ವಿಚಾರಿಸಲಿ, ಇನ್ನೊಬ್ಬರು ರೋಗಿಯ ಜೊತೆ ಸ್ಕ್ಯಾನ್ ರೂಮಿಗೆ ಹೋಗಲಿ. ಇಬ್ಬರೂ ಟೇಬಲ್ಲಿನ ಮುಂದೆ ನಿಲ್ಲಬೇಡಿ.

ಇಷ್ಟು ಓದಿ ಯಾರಾದರೂ ನಾಳೆಯೇ "ನನಗೂ ಒಂದು ತಲೆಯ ಆಂಜಿಯೋ ಮಾಡ್ರಿ" ಎಂದು ಬಂದರೆ ಬೇಡ ಅನ್ನುತ್ತೇನೆ. ವರ್ಷಾನುಗಟ್ಟಲೆ ಬಂದು ಹೋಗುವ ತಲೆನೋವಿಗೆ ಇದು ತಪಾಸಣೆಯಲ್ಲ. ಎಕ್ಸ್‌ರೇ ಕಿರಣವೂ ಔಷಧವೂ ಪುಕ್ಕಟೆಯಾಗಿ ಮೈಗೆ ಹೋಗುವಂಥವಲ್ಲ. ಅಕಸ್ಮಾತ್ ಸಣ್ಣ ಉಬ್ಬು ಕಂಡಿತು ಅನ್ನಿ, ಆಮೇಲೆ ನಿದ್ದೆ ಹೋಯಿತು. ಮಿದುಳಿನ ಮುಂಭಾಗದ ನಾಳಗಳಲ್ಲಿರುವ, 7 ಮಿಲಿಮೀಟರಿಗಿಂತ ಚಿಕ್ಕ ಉಬ್ಬುಗಳು ಒಡೆಯುವುದು ತೀರ ಅಪರೂಪ ಎಂದು 2003ರಲ್ಲಿ ಬಂದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವೇ ಹೇಳಿದೆ. ಅಂಥವನ್ನು ಎಷ್ಟೋ ಸಲ ಮುಟ್ಟದೆ, ವರ್ಷಕ್ಕೋ ಎರಡು ವರ್ಷಕ್ಕೋ ನೋಡುತ್ತ ಇರುತ್ತಾರೆ. ಹಬ್ಬದ ರಿಯಾಯಿತಿ ಎಂದು 'ಫುಲ್ ಬಾಡಿ ಚೆಕಪ್' ಮಾರುವವರ ಪಟ್ಟಿಯಲ್ಲಿ ತಲೆಯ ಆಂಜಿಯೋ ಇದ್ದರೆ ಆ ಕಾಗದವನ್ನು ಮಡಚಿ ಇಟ್ಟುಬಿಡಿ.

ಕೇಳಬೇಕಾದವರು ಬೇರೆ ಇದ್ದಾರೆ. ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳು – ಇವರಲ್ಲಿ ಇಬ್ಬರಿಗೆ ಅನ್ಯೂರಿಸಂ ಇದ್ದದ್ದು ಗೊತ್ತಿದ್ದರೆ, ಅಥವಾ ಮನೆತನದಲ್ಲಿ ಕಿಡ್ನಿಯ ತುಂಬ ನೀರುಗುಳ್ಳೆ ಆಗುವ ಕಾಯಿಲೆ ನಡೆದು ಬಂದಿದ್ದರೆ, ಉಳಿದವರು ಒಮ್ಮೆ ನರರೋಗದ ಡಾಕ್ಟರರನ್ನು ಕಾಣಿರಿ. ಅವಸರವಿಲ್ಲದ ಇಂಥ ತಪಾಸಣೆಗೆ ಕಿರಣವಿಲ್ಲದ ಎಂಆರ್ ಆಂಜಿಯೋ ಸಾಕಾಗುತ್ತದೆ. ಹೋದ ದಿನವೇ ಬಿಪಿ ಅಳೆಸಿ. ಬಿಪಿ ಇದ್ದರೆ ಗುಳಿಗೆಯನ್ನು ಆರಾಮಾಯಿತೆಂದು ನಿಲ್ಲಿಸಬೇಡಿ, ಬೀಡಿ ಸಿಗರೇಟು ಸೇದುವವರು ಅದನ್ನು ಅಂದೇ ಬಿಡಿ. ಉಬ್ಬು ಹುಟ್ಟುವುದಕ್ಕೂ ಒಡೆಯುವುದಕ್ಕೂ ಈ ಎರಡರಷ್ಟು ನಮ್ಮ ಕೈಯಲ್ಲಿರುವ ಕಾರಣ ಬೇರೊಂದಿಲ್ಲ.

ನಿಮ್ಮವ,
ಮಾಧವನಗರದ ಒಬ್ಬ ನಿವೃತ್ತ ಸೀಟಿ ಟೆಕ್ನಿಷಿಯನ್